ಅಪ್ಪಯ್ಯನ ಡಬ್ಬಿಯಲ್ಲಿ ಸಿಕ್ಕಿದ ನಾಣ್ಯಗಳು: ಯಾವುದು ಮಿಂಟ್ ಎರರ್, ಯಾವುದು ಸುಮ್ಮನೆ ಹಾಳಾದದ್ದು?

ಮಾಟುಂಗಾ ಗಲ್ಲಾ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಪೋಸ್ಟ್ ಸ್ವಲ್ಪ ಉದ್ದ ಉಂಟು, ಪುರುಸೊತ್ತು ಮಾಡಿ ಓದಿದ್ರೆ ದೊಡ್ಡ ಉಪಕಾರ.

ನಮ್ಮ ಅಪ್ಪಯ್ಯ ಕುಂದಾಪುರ ಕಡೆಯವರು. ಮಾಟುಂಗಾದ ಒಂದು ಸಣ್ಣ ಹೋಟ್ಲಲ್ಲಿ ಇಪ್ಪತ್ತೆರಡು ವರ್ಷ ಗಲ್ಲಾದಲ್ಲಿ ಕೂತಿದ್ರು, ಹೋದ ವರ್ಷ ತೀರಿಕೊಂಡ್ರು. ಮೊನ್ನೆ ಡೊಂಬಿವ್ಲಿ ಮನೆಯ ಅಟ್ಟ ಕ್ಲೀನ್ ಮಾಡುವಾಗ ಒಂದು ಹಳೇ ಬಿಸ್ಕಿಟ್ ಡಬ್ಬಿ ಸಿಕ್ತು, ಒಳಗೆ ಸುಮಾರು ಇನ್ನೂರು ನಾಣ್ಯ. ಹೆಚ್ಚಿನವು ಸಾಧಾರಣದ್ದೇ, ಆದ್ರೆ ಒಂದು ಹನ್ನೆರಡು ಹದಿಮೂರನ್ನು ಮಾತ್ರ ಹೋಟ್ಲಿನ ಬಿಲ್ ಕಾಗದದಲ್ಲಿ ಮಡಚಿ ಮೇಲೆ ಪೆನ್ಸಿಲಲ್ಲಿ ಬರೆದಿಟ್ಟಿದ್ದಾರೆ. "ಚುಕ್ಕಿ ಬೇರೆ ಕಡೆ", "ಓರೆ", "ಎರಡೂ ಕಡೆ ರಾಜ" ಹೀಗೆ. ಅವರು ನಾಣ್ಯ ಸಂಗ್ರಹ ಮಾಡ್ತಿದ್ರು ಅಂತ ನಮಗೆ ಯಾರಿಗೂ ಗೊತ್ತೇ ಇರ್ಲಿಲ್ಲ, ಅಮ್ಮನಿಗೂ ಗೊತ್ತಿರ್ಲಿಲ್ಲ. ದಿನಕ್ಕೆ ಸಾವಿರ ನಾಣ್ಯ ಕೈಯಲ್ಲಿ ಹಾದುಹೋಗುವಾಗ ಬೇರೆ ಥರ ಕಂಡದ್ದನ್ನು ತನ್ನ ದುಡ್ಡು ಹಾಕಿ ಬದಲಾಯಿಸಿ ಎತ್ತಿಟ್ಟಿರ್ಬೇಕು ಅಂತ ನಾನು ಅಂದ್ಕೊಳ್ಳುವುದು.

ನನಗೆ ಅರ್ಥ ಆಗದೆ ಇರುವಂಥವು ಇವು. (ಮಿಂಟ್ ಅಂದ್ರೆ ನಾಣ್ಯ ಹೊಡೆಯುವ ಟಂಕಸಾಲೆ, ಯಾವ ಮಿಂಟಿನದ್ದು ಅಂತ ಇಸವಿ ಹತ್ರದ ಸಣ್ಣ ಗುರುತು ನೋಡಿ ಹೇಳ್ತಾರೆ.) 1985ರ ಎರಡು ಒಂದು ರೂಪಾಯಿ ನಾಣ್ಯ. ಒಂದರಲ್ಲಿ ಇಸವಿಯ ಮೊದಲ ಅಂಕೆ 1 ಇದೆಯಲ್ಲ, ಅದರ ಸರೀ ಕೆಳಗೆ ಡೈಮಂಡ್ ಗುರುತು ಉಂಟು, ಮುಂಬೈ ಮಿಂಟಿನ ಡೈಮಂಡ್ ಇಸವಿಯ ನಡುವೆ ಬರಬೇಕಲ್ವಾ. ಇನ್ನೊಂದರಲ್ಲಿ ಇಸವಿ ಕೆಳಗೆ ಇಂಗ್ಲಿಷಿನ ಎಚ್ ಅಕ್ಷರ. ಆಮೇಲೆ 1994ರ ದಪ್ಪ ಐದು ರೂಪಾಯಿ ಒಂದು, ಪುಸ್ತಕದ ಹಾಳೆ ತಿರುಗಿಸಿದ ಹಾಗೆ ತಿರುಗಿಸಿದ್ರೆ ಹಿಂದಿನ ಕಡೆ ಓರೆ ಬರ್ತದೆ. 2011ರ ಹತ್ತು ರೂಪಾಯಿ, ನಡುವಿನ ಬಿಳಿ ಭಾಗ ಒಂದು ಕಡೆ ಹಳದಿ ರಿಂಗಿನ ಮೇಲೆ ಹತ್ತಿ ಕೂತಿದೆ. ಹನ್ನೊಂದು ಮೂಲೆಯ ಎರಡು ರೂಪಾಯಿ ಒಂದು, ಅಕ್ಷರವೆಲ್ಲ ಮಾಸಿ ತೆಳ್ಳಗಾಗಿದೆ. ಒಂದು ರೂಪಾಯಿ ಸ್ಟೀಲಿನದ್ದು, ದೋಸೆ ಹುಯ್ದ ಹಾಗೆ ಅಗಲ ಆಗಿದೆ. ಕೊನೆಗೆ ಒಂದು ಕಾಲಾಣೆ, ಇದೇ "ಎರಡೂ ಕಡೆ ರಾಜ". ಒಂದು ಕಡೆ ಐದನೇ ಜಾರ್ಜ್ ಉಬ್ಬಿದ ಮುಖ, ಇನ್ನೊಂದು ಕಡೆ ಅದೇ ಮುಖ, ಆದ್ರೆ ಗುಳಿ ಬಿದ್ದ ಹಾಗೆ ಒಳಗೆ ಹೋಗಿದೆ, ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ. ಇಸವಿ ಎಲ್ಲಿಯೂ ಇಲ್ಲ.

ಒಂದು ಬೇಜಾರಿನ ವಿಷಯ ಹೇಳ್ಬೇಕು. ಹಳೇ ನಾಣ್ಯಕ್ಕೆ ಲಕ್ಷ ಲಕ್ಷ ಸಿಗ್ತದೆ ಅನ್ನುವ ವಿಡಿಯೋ ನೋಡಿ ಅದರ ಕೆಳಗಿದ್ದ ನಂಬರಿಗೆ ಫೋಟೋ ಕಳಿಸಿದೆ. ಅರ್ಧ ಗಂಟೆಯಲ್ಲಿ ಫೋನ್ ಬಂತು, ಕಾಲಾಣೆಗೆ ಹನ್ನೊಂದು ಲಕ್ಷ ಕೊಡ್ತೇವೆ, ಮೊದಲು ರಿಜಿಸ್ಟ್ರೇಷನ್ ಅಂತ 1,850 ಕಳಿಸಿ ಅಂದ್ರು. ಕಳಿಸಿದೆ. ಮರುದಿನ ಜಿಎಸ್‌ಟಿ ಅಂತ 9,000 ಕೇಳಿದ್ರು, ರಿಸರ್ವ್ ಬ್ಯಾಂಕಿನ ಗುರುತು ಇರುವ ಒಂದು ಕಾಗದವನ್ನೂ ಕಳಿಸಿದ್ರು. ಆವಾಗ ನಿಲ್ಲಿಸಿದೆ. ಹೋದ ದುಡ್ಡಿಗಿಂತ ಅಪ್ಪಯ್ಯ ಇಷ್ಟು ಜೋಪಾನ ಮಾಡಿದ್ದನ್ನು ಹೀಗೆ ಮಾರಲಿಕ್ಕೆ ಹೊರಟೆನಲ್ಲ ಅಂತ ನೋವಾಗ್ತದೆ. ಈಗ ಮಾರುವ ಯೋಚನೆ ಇಲ್ಲ. ಪ್ರತಿಯೊಂದರ ಜೊತೆ ಒಂದು ಚೀಟಿ ಇಡ್ಬೇಕು, ಇದು ಇಂಥದ್ದು, ಹೀಗೆ ಆದದ್ದು ಅಂತ, ಸರಿಯಾಗಿ. ಗೊತ್ತಿದ್ದವರು ಹೇಳಿ ಮಾರಾಯ್ರೆ.

ಫೋರ್ಟ್ ಅಜ್ಜ ಬರೆದದ್ದು:

ನಿಮ್ಮ ತಂದೆಯವರ ಕಣ್ಣು ಬಹಳ ಚೆನ್ನಾಗಿತ್ತು, ಇದನ್ನ ಮೊದಲು ಹೇಳ್ತೀನಿ. "ಚುಕ್ಕಿ ಬೇರೆ ಕಡೆ" ಅಂತ ಗಲ್ಲಾದ ಗಡಿಬಿಡೀಲಿ ಗುರುತಿಸೋದು ಸಣ್ಣ ಮಾತಲ್ಲ, ವರ್ಷಗಟ್ಟಲೆ ಸಂಗ್ರಹ ಮಾಡ್ದೋರೂ ಅದನ್ನ ನೋಡದೆ ಬಿಟ್ಟಿರ್ತಾರೆ.

ಆದ್ರೆ ಅದು ಎರರ್ ಅಲ್ಲ. 80ರ ದಶಕದ ಮಧ್ಯದಲ್ಲಿ ಚಿಲ್ಲರೆಗೆ ಎಷ್ಟು ತತ್ವಾರ ಇತ್ತು ಅಂತ ನಿಮ್ಮ ಅಮ್ಮನ್ನ ಕೇಳಿ, ಅಂಗಡೀಲಿ ನಾಲ್ಕಾಣೆ ಬದಲು ಚಾಕ್ಲೇಟ್ ಕೈಗಿಡೋರು. ನಮ್ಮ ಮಿಂಟ್‌ಗಳಿಂದ ಸಾಲದೆ ಸರ್ಕಾರ ಹೊರದೇಶದಲ್ಲಿ ನಾಣ್ಯ ಹೊಡೆಸಿ ತರಿಸ್ತು. ಮೊದಲ ಅಂಕೆ ಕೆಳಗೆ ಡೈಮಂಡ್ ಇರೋ 1985ರ ರೂಪಾಯಿ ಬ್ರಿಟನ್ನಿನ ರಾಯಲ್ ಮಿಂಟ್‌ದು, ವೇಲ್ಸ್‌ನ ಲ್ಯಾಂಟ್ರಿಸೆಂಟ್ ಅನ್ನೋ ಊರಲ್ಲಿ ಹೊಡೆದದ್ದು. ಎಚ್ ಅಂದ್ರೆ ಹೀಟನ್ ಅನ್ನೋ ಮಿಂಟ್, ಬರ್ಮಿಂಗ್‌ಹ್ಯಾಮ್‌ದು. ಹಾಗೇನೇ ನಕ್ಷತ್ರ ನಡುವೆ ಇದ್ರೆ ಹೈದರಾಬಾದ್, ಮೊದಲ ಅಂಕೆ ಕೆಳಗೆ ಇದ್ರೆ ಕೊರಿಯಾದ ಡೇಗು. ಏನೂ ಗುರುತು ಇಲ್ಲದ್ದು ಕಲ್ಕತ್ತಾ, ದುಂಡು ಚುಕ್ಕಿ ನೋಯ್ಡಾ. ನೋಯ್ಡಾ ಮಿಂಟ್ ಶುರುವಾಗಿದ್ದು 1988ರಲ್ಲಿ, ಹಾಗಾಗಿ 1985ರ ನಾಣ್ಯದಲ್ಲಿ ಯಾರಾದ್ರೂ ನೋಯ್ಡಾ ಚುಕ್ಕಿ ಅಂದ್ರೆ ನಂಬಬೇಡಿ, ಅದು ಸವೆದ ಡೈಮಂಡ್ ಆಗಿರುತ್ತೆ. 90ರ ದಶಕದ ಕೊನೇಲಿ ಮತ್ತೆ ಹೊರಗಿಂದ ತರಿಸಿದ್ರು, ಆಗಿನವುಗಳಲ್ಲಿ ಮಾಸ್ಕೋದ ಎಂಎಂಡಿ, ಸ್ಲೋವಾಕಿಯಾದ ಎಂಕೆ, ಎಂ ತಲೆ ಮೇಲೆ ಸಣ್ಣ ಸೊನ್ನೆ ಇರೋ ಮೆಕ್ಸಿಕೋ, ಇವೆಲ್ಲ ಸಿಗುತ್ತೆ, ಡಬ್ಬೀಲಿ ಉಳಿದ ಇನ್ನೂರನ್ನೂ ಒಂದ್ಸಲ ಭೂತಗನ್ನಡಿ ಹಿಡ್ಕೊಂಡು ನೋಡಿ. ಇದಕ್ಕೆಲ್ಲ ನಾವು ವೆರೈಟಿ ಅಂತೀವಿ. ಮಿಂಟ್‌ನೋರು ಬೇಕು ಅಂತಲೇ ಮಾಡಿದ್ದು. ಎರರ್ ಅಂದ್ರೆ ಬೇಡದೆ ಆದದ್ದು. ಚೀಟಿ ಬರೆಯೋವಾಗ ಈ ಎರಡನ್ನ ಬೇರೆ ಬೇರೆ ಇಡಿ.

ಈಗ ಎರರ್ ವಿಷಯ. ನಾನು ನಲವತ್ತು ವರ್ಷದಿಂದ ಒಂದೇ ಪ್ರಶ್ನೆ ಕೇಳ್ಕೊಂಡು ಬಂದಿದ್ದೀನಿ, ಇದು ಮಿಂಟ್ ಒಳಗೆ ಯಾವ ಹಂತದಲ್ಲಿ ಆಗೋಕೆ ಸಾಧ್ಯ? ನಾಣ್ಯ ಆಗೋ ದಾರಿ ತುಂಬ ಸರಳ. ಲೋಹದ ಪಟ್ಟೀಲಿ ಬಿಲ್ಲೆ ಕತ್ತರಿಸ್ತಾರೆ, ಬಿಲ್ಲೆಗೆ ಸುತ್ತ ಅಂಚು ಎಬ್ಬಿಸ್ತಾರೆ, ಕಾಯಿಸಿ ಮೆತ್ತಗೆ ಮಾಡ್ತಾರೆ, ಆಮೇಲೆ ಕೆಳಗೊಂದು ಅಚ್ಚು ಮೇಲೊಂದು ಅಚ್ಚು ಸುತ್ತ ಒಂದು ಬಳೆ ಥರದ ಕಾಲರ್, ಮಧ್ಯ ಬಿಲ್ಲೆ ಇಟ್ಟು ಒಂದೇ ಏಟು. ಅಷ್ಟೇ. ಎರರ್ ಅನ್ನೋದು ಬಿಲ್ಲೇಲಿ ಆಗಿರ್ಬೇಕು, ಇಲ್ಲ ಅಚ್ಚಲ್ಲಿ ಆಗಿರ್ಬೇಕು, ಇಲ್ಲ ಆ ಏಟಲ್ಲಿ ಆಗಿರ್ಬೇಕು. ಈ ಮೂರರಲ್ಲಿ ಎಲ್ಲೂ ಕೂರಿಸೋಕೆ ಆಗ್ಲಿಲ್ಲ ಅಂದ್ರೆ ಅದು ಹೊರಗೆ ಬಂದ ಮೇಲೆ ಆದ ಗಾಯ, ನೋಡೋಕೆ ಎಷ್ಟೇ ವಿಚಿತ್ರ ಇರ್ಲಿ.

ಐದು ರೂಪಾಯಿ ಓರೆ ಇರೋದು ಅಚ್ಚಿನ ತಪ್ಪು. ಎರಡರಲ್ಲಿ ಒಂದು ಅಚ್ಚು ಸಡಿಲ ಆಗಿ ತಿರುಗಿ ಕೂತಿದ್ರೆ ಆಮೇಲೆ ಬರೋ ನಾಣ್ಯ ಎಲ್ಲ ಓರೇನೇ. ಸಿಂಹದ ಮುಖ ನೆಟ್ಟಗೆ ಹಿಡಿದು ಎಡದಿಂದ ಬಲಕ್ಕೆ ತಿರುಗಿಸಿ, ಹಿಂದಿನ 5 ನೆಟ್ಟಗೆ ನಿಲ್ಬೇಕು. ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಎಷ್ಟು ಗಂಟೆಗೆ ತಿರುಗಿದೆ ನೋಡಿ. 12ರಿಂದ ಅರ್ಧ ಗಂಟೆಯಷ್ಟು ವಾಲಿದ್ದು ಬೇಕಾದಷ್ಟು ಸಿಗುತ್ತೆ, ನಾನು ಅದನ್ನೆಲ್ಲ ಎತ್ತಿಡೋದಿಲ್ಲ. 3 ಗಂಟೆ, 6 ಗಂಟೆ ಅಂದ್ರೆ ಆಗ ಖುಷಿ. ಒಂದೇ ಲೋಹದ ನಾಣ್ಯದಲ್ಲಿ ಈ ಎರರನ್ನ ಹೊರಗಡೆ ಕೈಯಾರೆ ಮಾಡೋದು ಬಹಳ ಕಷ್ಟ, ಅದಕ್ಕೇ ಹೊಸಬರಿಗೆ ಇದು ಒಳ್ಳೇ ಶುರು.

ಹತ್ತು ರೂಪಾಯಲ್ಲಿ ಮಾತ್ರ ಹುಷಾರು. ಅದರ ನಡುವಿನ ಬಿಳಿ ಬಿಲ್ಲೆಯನ್ನ ಗುದ್ದಿ ಹೊರಗೆ ತೆಗೆದು, ತಿರುಗಿಸಿ, ಮತ್ತೆ ಒತ್ತಿ ಕೂರಿಸಿ ಎರರ್ ಅಂತ ಮಾರೋರಿದ್ದಾರೆ. ಪರೀಕ್ಷೆ ಹೀಗೆ. ಮಿಂಟಲ್ಲಿ ರಿಂಗೂ ನಡುವಿನ ಬಿಲ್ಲೇನೂ ಬಿಡಿಬಿಡಿಯಾಗಿ ಬರುತ್ತೆ, ಅವೆರಡೂ ಒಂದಾಗೋದು ಅಚ್ಚಿನ ಏಟಲ್ಲೇ. ಅಂದ್ರೆ ಬಿಲ್ಲೆ ಪಕ್ಕಕ್ಕೆ ಸರಿದು ಕೂತಿದ್ರೂ ಅದರ ಮೇಲಿನ ಚಿತ್ರ ಸರಿದಿರಲ್ಲ, ಚಿತ್ರ ತನ್ನ ಜಾಗದಲ್ಲೇ ಇರುತ್ತೆ, ಕೆಳಗಿನ ಲೋಹ ಮಾತ್ರ ಬೇರೆ. ಬಿಳಿ ಲೋಹ ಹಳದಿ ಮೇಲೆ ಹತ್ತಿದ ಜಾಗದಲ್ಲಿ ಭೂತಗನ್ನಡಿ ಇಡಿ. ಗೆರೆ, ಅಕ್ಷರ ಕಡಿಯದೆ ಒಂದೇ ಸಮ ಒಂದು ಲೋಹದಿಂದ ಇನ್ನೊಂದಕ್ಕೆ ಹರಿದಿದ್ರೆ ನಿಮ್ಮದು ಅಸಲಿ. ಗೆರೆ ಅಲ್ಲಿ ಮುರಿದಿದ್ರೆ, ಸಂದೀಲಿ ಗೀರು ಇದ್ರೆ, ಹೊರಗಡೆ ಮಾಡಿದ ಕೆಲಸ.

ಎರಡು ರೂಪಾಯಿಯನ್ನ ತೂಕ ಮಾಡಿ. ಆ ಹನ್ನೊಂದು ಮೂಲೆ ನಾಣ್ಯ 6 ಗ್ರಾಂ ಇರ್ಬೇಕು. ಅಕ್ಕಸಾಲಿಗರ ಸಣ್ಣ ಡಿಜಿಟಲ್ ತಕ್ಕಡಿ, ಎರಡು ದಶಾಂಶ ತೋರಿಸೋದು, ಆನ್‌ಲೈನಲ್ಲಿ ಸಿಗುತ್ತೆ, ಈ ಹವ್ಯಾಸಕ್ಕೆ ಪುಸ್ತಕಕ್ಕಿಂತ ಮೊದಲು ಅದನ್ನ ತಗೊಳ್ಳಿ. ಐದು ಗ್ರಾಂ ಹತ್ತಿರ ತೋರಿಸಿದ್ರೆ ಆಸಿಡ್ ಕುಡಿದಿದೆ ಅಂತ ಅರ್ಥ. ಅಗಲ ಆದ ಒಂದು ರೂಪಾಯಿ ನಾನು ನೋಡದೆ ಹೇಳಬಲ್ಲೆ, ಡೊಂಬಿವ್ಲಿ ಮನೆ ಅಂತೀರಿ, ಲೋಕಲ್ ಟ್ರೇನ್ ಹಳಿ. ಅದರ ತೂಕ 4.85 ಗ್ರಾಂ ಸರಿಯಾಗೇ ಬರುತ್ತೆ, ಅದಕ್ಕೇ ಜನ ಮೋಸ ಹೋಗ್ತಾರೆ. ಕಾಲರ್ ಇಲ್ಲದೆ ಏಟು ಬಿದ್ದು ಅಗಲ ಆದ ನಾಣ್ಯದಲ್ಲಿ ನಡುವಿನ ಚಿತ್ರ ತನ್ನ ಅಳತೇಲೇ ಇರುತ್ತೆ, ಸುತ್ತ ಲೋಹ ಮಾತ್ರ ಹರಡಿರುತ್ತೆ. ಹಳಿ ಮೇಲೆ ಇಟ್ಟದ್ದರಲ್ಲಿ ಚಿತ್ರವೂ ಹಿಗ್ಗಿ ಎಳೆದ ಹಾಗೆ ಆಗಿರುತ್ತೆ.

ಕಾಲಾಣೆ ಬಗ್ಗೆ ಬರೆಯೋಕೆ ನನಗೆ ಕೈ ನಡುಗ್ತಿದೆ. ಅದು ಅಸಲಿ ಆದ್ರೆ ಅದಕ್ಕೆ ಲಖಿ ಅಂತೀವಿ. ಇಂಗ್ಲಿಷಲ್ಲಿ ಅದರ ಹೆಸರು ಬ್ರೋಕೇಜ್, ಆದ್ರೆ ಮುಂಬೈ ಬಜಾರಲ್ಲಿ ಇವತ್ತಿಗೂ ಹಾಗನ್ನೋರು ಕಡಿಮೆ, ಲಖಿ ಅಂದ್ರೆ ಎಲ್ಲರಿಗೂ ತಿಳಿಯುತ್ತೆ. ಹಳೇ ವ್ಯಾಪಾರಿಗಳು ಲಕ್ಷ್ಮಿ ಬರ್ತಾಳೆ ಅಂತ ಅದನ್ನ ತಿಜೋರೀಲಿ ಇಡೋರು. ಆಗೋದು ಹೇಗೆ ಅಂದ್ರೆ, ಒಂದು ನಾಣ್ಯ ಏಟು ತಿಂದ ಮೇಲೆ ಕೆಳಗೆ ಬೀಳದೆ ಒಂದು ಅಚ್ಚಿಗೇ ಅಂಟ್ಕೊಂಡುಬಿಡುತ್ತೆ. ಮುಂದಿನ ಬಿಲ್ಲೆ ಬರುತ್ತೆ, ಏಟು ಬೀಳುತ್ತೆ. ಒಂದು ಕಡೆ ನಿಜವಾದ ಅಚ್ಚು, ಇನ್ನೊಂದು ಕಡೆ ಅಚ್ಚಿನ ಬದಲು ಆ ಅಂಟಿದ ನಾಣ್ಯ. ಅದರ ಉಬ್ಬಿದ ರಾಜ ಹೊಸ ಬಿಲ್ಲೇಲಿ ಗುಳಿ ಆಗಿ, ಉಲ್ಟಾ ಆಗಿ ಮೂಡ್ತಾನೆ. ಐದನೇ ಜಾರ್ಜ್‌ನ ಕಾಲಾಣೇಲಿ ಇಸವಿ ಇರೋದು ಹಿಂದಿನ ಕಡೆ, ಆ ಕಡೆ ಮೂಡಲೇ ಇಲ್ಲ, ಅದಕ್ಕೇ ನಿಮಗೆ ಇಸವಿ ಸಿಕ್ಕಿಲ್ಲ. ಚೀಟೀಲಿ 1911ರಿಂದ 1936ರ ನಡುವೆ ಅಂತಷ್ಟೇ ಬರೀಬಹುದು.

ನಕಲಿ ಮಾಡೋರು ಎರಡು ಕಾಲಾಣೇನ ವೈಸಲ್ಲಿ (ತಿರುಪು ಬಿಗಿಯೋ ಇಕ್ಕಳದಲ್ಲಿ) ಇಟ್ಟು ಬಿಗಿದು ಒತ್ತುತಾರೆ. ಹಾಗೆ ಮಾಡಿದ್ರಲ್ಲಿ ಹಿಂದಿನ ಕಡೆಯ ಮೊದಲಿನ ಅಕ್ಷರದ ನೆರಳು ಎಲ್ಲೋ ಉಳಿದಿರುತ್ತೆ, ಗುಳಿ ಪೂರ್ತಿ ಮೂಡಿರಲ್ಲ, ಉಬ್ಬಿದ ರಾಜನ ಕೆನ್ನೆ ಮೀಸೆ ಚಪ್ಪಟೆ ಆಗಿರುತ್ತೆ. ಇದನ್ನೆಲ್ಲ ನೋಡಿ ಬರೀರಿ. ದಯವಿಟ್ಟು ತೊಳೀಬೇಡಿ, ಬಟ್ಟೇಲೂ ಉಜ್ಜಬೇಡಿ.

ವಿಜಾಪುರ ಪುಣೆ ಬರೆದದ್ದು:

ಅಜ್ಜಾವ್ರು ಎಲ್ಲಾ ಹೇಳ್ಯಾರ, ನಾ ಒಂದೆರಡು ಮಾತ ಸೇರಸ್ತೀನ್ರಿ. ಮೊದಲ ಆ 1,850ರ ಸುದ್ದಿ. 1930 ಅನ್ನೂ ಸೈಬರ್ ಹೆಲ್ಪ್‌ಲೈನ್ ನಂಬರಿಗೆ ಫೋನ್ ಹಚ್ಚಿ ಕಂಪ್ಲೇಂಟ್ ಕೊಡ್ರಿ, ತಡಾ ಆಗೇತಿ ಅಂತ ಬಿಡಬ್ಯಾಡ್ರಿ, ನಿಮ್ಮ ಕಂಪ್ಲೇಂಟ್ನಿಂದ ಮುಂದಿನವ್ರದು ಉಳೀತೈತಿ. ರಿಸರ್ವ್ ಬ್ಯಾಂಕ್ ತನ್ನ ಹೆಸರು ಲೋಗೋ ಹಚ್ಚಿ ಹಳೇ ನಾಣ್ಯಕ್ಕ ಕಮಿಷನ್, ಟ್ಯಾಕ್ಸ್ ಕೇಳೋದು ಮೋಸ, ತಾ ಇಂಥಾ ವ್ಯವಹಾರದಾಗ ಇಲ್ಲ ಅಂತ 2021ರ ಆಗಸ್ಟ್ 4ಕ್ಕ ಅಧಿಕೃತವಾಗಿ ಹೇಳೇತಿ. ಆ ಪ್ರಕಟಣೆ ಪ್ರಿಂಟ್ ತಗದು ನಮ್ಮ ಮನ್ಯಾಗ ಗ್ವಾಡಿಗೆ ಹಚ್ಚೀನಿ, ಯಾಕಂದ್ರ ನಮ್ಮ ಕಾಕಾನೂ ಹಿಂಗ 6,000 ಕಳಕೊಂಡ.

ನಾ ಪಿಂಪರಿ ಕಡೆ ಫ್ಯಾಕ್ಟರಿಯೊಳಗ ಪ್ರೆಸ್ ಶಾಪ್ನ್ಯಾಗ ಕೆಲಸ ಮಾಡಾಂವ. ಡೈ (ಅಚ್ಚು), ಪಂಚ್ (ಬಿಲ್ಲಿ ಕತ್ತರಸೂ ಉಳಿ), ಬ್ಲ್ಯಾಂಕ್ (ಬಿಲ್ಲಿ) ಇವೇ ನಮ್ಮ ದಿನದ ಮಾತು, ಅದಕ್ಕ ನನಗ ಈ ಎರರ್ ನಾಣ್ಯದ ಹುಚ್ಚು ಹತ್ತಿದ್ದು. ನಮ್ಮಲ್ಲೂ ಡೈ ಬಿರುಕು ಬಿಟ್ರ ಪಾರ್ಟ್ ಮ್ಯಾಲ ಉಬ್ಬಿದ ಗೆರಿ ಬರ್ತೈತಿ. ನಾಣ್ಯದಾಗೂ ಹಂಗ. ಡೈದಾಗ ತಗ್ಗು ಇದ್ದದ್ದು ನಾಣ್ಯದ ಮ್ಯಾಲ ಉಬ್ಬು. ಅದಕ್ಕ ನಾ ಹುಡುಗರಿಗೆ ಹೇಳೋದು, ಗೆರಿ ಕಂಡ ಕೂಡಲೇ ಉಗುರ ಹಚ್ಚಿ ನೋಡಬ್ಯಾಡ್ರಿ, ಬೆಳಕ ಓರೆ ಹಿಡದು ನೋಡ್ರಿ. ಉಬ್ಬಿದ್ರ ಬಹಳ ಮಾಡಿ ಡೈದು, ತಗ್ಗಿದ್ರ ಹೊರಗಿಂದು. ಅಕ್ಷರ ಅರ್ಧ ಇಲ್ಲದ ನಾಣ್ಯ ಸಿಕ್ರ ಡೈದಾಗ ಗ್ರೀಸ್ ತುಂಬಿರ್ಬೇಕು, ಅದನ್ನ ಕೆತ್ತಿ ತಗದಾರೋ ಏನೋ ಅಂತ ನೋಡಾಕ ಆ ಜಾಗ ಸುತ್ತಲಿನಷ್ಟ ನುಣ್ಣಗ ಐತೇನು ನೋಡ್ರಿ. ಬಿಲ್ಲಿ ಕತ್ತರಸೂವಾಗ ಪಟ್ಟಿ ಸರೀ ಮುಂದ ಸರೀದಿದ್ರ ಮೊದಲ ಕತ್ತರಿಸಿದ ತೂತಿನ ಮ್ಯಾಲ ಮತ್ತ ಪಂಚ್ ಬೀಳತೈತಿ, ಚಂದ್ರನ್ನ ಕಚ್ಚಿದಂಗ ನಾಣ್ಯ ಬರ್ತೈತಿ. ಅಸಲಿ ಇದ್ರ ಆ ಕಚ್ಚಿದ ಜಾಗದ ಎದುರಿಗಿನ ಅಂಚು ಸ್ವಲ್ಪ ಸೊರಗಿರ್ತೈತಿ, ಯಾಕಂದ್ರ ಅಂಚು ಎಬ್ಬಸೂ ಮಿಷನ್ನ್ಯಾಗ ಒಂದ್ ಕಡೆ ಖಾಲಿ ಇದ್ರ ಎದುರು ಕಡೆ ಒತ್ತ ಬೀಳೂದಿಲ್ಲ. ಕಾನಸು (ಅರ) ಹಚ್ಚಿ ತಿಕ್ಕಿ ನಕಲಿ ಮಾಡಿದವ್ರು ಎದುರಿನ ಅಂಚಿನ ವಿಚಾರ ಮಾಡಿರೂದಿಲ್ಲ.

ಪುಣೆದಾಗ ಮಂಗಳವಾರ ಪೇಟ್ ಕಡೆ ಜುನಾ ಬಾಜಾರ್ ಬುಧವಾರ, ರವಿವಾರ ಇರ್ತೈತಿ. ನಾ ಅಲ್ಲೇ ಕಲ್ತದ್ದು, ಏಟ್ ತಿಂದೂ ಕಲ್ತೀನಿ. ಒಬ್ಬಾಂವ 1939ರ ಬೆಳ್ಳಿ ರೂಪಾಯಿ ಅಂತ ಕೊಟ್ಟ, ಆ ಇಸವಿ ಬಹಳ ಅಪರೂಪ ಅಂತ ನನಗ ಗೊತ್ತಿತ್ತು, ಆಸೆಗೆ ತಗೊಂಡೆ. ಮನಿಗೆ ಬಂದು ಲೆನ್ಸ್ ಹಿಡದ್ರ 1938ರ 8ನ್ನ ಕೊರದು 9 ಮಾಡ್ಯಾನ. ತೂಕ ಸರಿ, ಬೆಳ್ಳಿ ಸರಿ, ನಾಣ್ಯ ಅಸಲಿ, ಒಂದು ಅಂಕಿ ಅಷ್ಟ ಸುಳ್ಳು. ಅವತ್ತಿಂದ ಲೆನ್ಸ್ ಇಲ್ಲದ ಬಾಜಾರಕ್ಕ ಕಾಲ ಇಡೂದಿಲ್ಲ.

ಇನ್ನೊಂದ್ ಮಾತು. ನಿಮ್ಮ ಡಬ್ಬಿಯೊಳಗ ರಾಣಿ ವಿಕ್ಟೋರಿಯಾಂದು 1862ರ ರೂಪಾಯಿ ಏನರ ಇದ್ರ ಅದರ ಚುಕ್ಕಿ ಎಣಸ್ರಿ. 1862 ಅಂತ ಬರದಿದ್ರೂ ಅದನ್ನ 1874ರ ತನಕಾ ಹೊಡದಾರ, ಇಸವಿ ಬದಲಿ ಮಾಡಲಿಲ್ಲ. ಮುಂಬೈ ಟಂಕಸಾಲಿಯವ್ರು ಮಾತ್ರ ಖರೇ ವರ್ಷದ ಗುರುತಿಗೆ ಸಣ್ಣ ಚುಕ್ಕಿ ಇಟ್ರು. ನನಗ ಎಲ್ಲಾ ವೆರೈಟಿಯೊಳಗ ಇದ ಭಾಳ ಇಷ್ಟ. ಒಂದ ಇಸವಿ, ಚುಕ್ಕಿ ಓದಾಕ ಬಂದವ್ಗ ಹನ್ನೆರಡು ವರ್ಷದ ಲೆಕ್ಕ.

ಮಾಟುಂಗಾ ಗಲ್ಲಾ ಬರೆದದ್ದು:

ಇಬ್ಬರಿಗೂ ಕೈ ಮುಗಿದೆ. ತಕ್ಕಡಿ ಆರ್ಡರ್ ಮಾಡಿದೆ, ಶುಕ್ರವಾರ ಬರ್ತದಂತೆ. 1930ಕ್ಕೆ ಕರೆ ಮಾಡಿ ಕಂಪ್ಲೇಂಟ್ ಬರೆಸಿದೆ. ಒಂದು ಸಂಶಯ, ದುಬೈಯಲ್ಲಿರುವ ನಮ್ಮ ಭಾವ ಕಾಲಾಣೆಯನ್ನು ಅಲ್ಲಿ ಯಾರಿಗೋ ತೋರಿಸ್ತೇನೆ, ಕಳಿಸು ಅಂತಾರೆ. ಕಳಿಸ್ಬಹುದಾ? ಮತ್ತೆ ಅಮ್ಮ ಡಬ್ಬಿ ಪೂರ್ತಿ ಹುಣಸೆಹಣ್ಣು ಹಾಕಿ ಬೆಳಗಿಸ್ತೇನೆ ಅಂತ ಕೂತಿದ್ದಾರೆ, ದೇವರ ದೀಪ ಬೆಳಗಿದ ಹಾಗೆ. ಅವರಿಗೆ ಏನಂತ ಹೇಳುವುದು?

ವಾಸ್ಕೋ ಅಂಕೋಲಾ ಬರೆದದ್ದು:

ಅಮ್ಮನಿಗೆ ನನ್ನ ಕಥೆ ಹೇಳಿ. ಗೋವಾದಲ್ಲಿ ನಮ್ಮ ಮಾವನವರ ಹತ್ರ ಪೋರ್ಚುಗೀಸರ ಕಾಲದ ನಾಣ್ಯಗಳಿದ್ದವು, ಅದರಲ್ಲಿ ತಾಂಗಾ ಅನ್ನುವ ಒಂದು ತಾಮ್ರದ ನಾಣ್ಯ, ಚಾಕಲೇಟಿನ ಬಣ್ಣಕ್ಕೆ ತಿರುಗಿ ಎಷ್ಟು ಚೆಂದ ಇತ್ತು ಅಂದ್ರೆ. ಮದುವೆಯಾಗಿ ಬಂದ ಹೊಸತರಲ್ಲಿ ಉಪಕಾರ ಮಾಡೋಣ ಅಂತ ನಾನೇ ಹುಣಸೆಹಣ್ಣಲ್ಲಿ ತಿಕ್ಕಿಬಿಟ್ಟೆ. ಮಾವ ಒಂದು ಮಾತೂ ಆಡಲಿಲ್ಲ, ಅದನ್ನ ಕೈಯಲ್ಲಿ ಹಿಡಿದು ಸುಮಾರು ಹೊತ್ತು ಕೂತಿದ್ರು. ನೂರು ವರ್ಷ ಗಾಳಿ ತಾಗಿ ತಾಗಿ ಕೂತ ಆ ಪದರ ಹೋದ್ರೆ ಮತ್ತೆ ಬರೂದಿಲ್ಲ, ಹುಳಿ ಲೋಹದ ಮೇಲ್ಮೈಯನ್ನೇ ತಿಂದುಬಿಡ್ತದೆ. ದೀಪ ದಿನಾ ಬೆಳಗಬಹುದು, ನಾಣ್ಯ ಬೆಳಗಬಾರದು. ಜಿಡ್ಡು ಇದ್ರೆ ಶುದ್ಧ ಅಸಿಟೋನಲ್ಲಿ ಅದ್ದಿ ತೆಗೀರಿ, ಉಜ್ಜದೆ. ಬೆಂಕಿ ಹತ್ರ ಬೇಡ.

ಇಡುವ ವಿಷಯಕ್ಕೆ ಇನ್ನೊಂದು ಮಾತು. ನಮ್ಮ ಕಡೆ, ಮುಂಬೈಯಲ್ಲೂ ಅಷ್ಟೇ, ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಯೇ ಬೆವರ್ತದೆ. ಹೋಟೆಲ್ ಬಿಲ್ ಕಾಗದ ಅಂದ್ರಲ್ಲ, ಆ ಕಾಗದಗಳನ್ನ ನಾಣ್ಯದಿಂದ ಬೇರೆ ಮಾಡಿ, ಆದ್ರೆ ದಯಮಾಡಿ ಎಸೀಬೇಡಿ, ಅಪ್ಪನ ಕೈಬರಹ ಅದು. ನಾಣ್ಯಕ್ಕೆ ರಟ್ಟಿನ ಚೌಕಟ್ಟಿನ ಹೋಲ್ಡರ್ ಸಿಗ್ತದೆ, ಅದರಲ್ಲಿ ಹಾಕಿ. ಮೆತ್ತಗಿನ ಪಿವಿಸಿ ಪ್ಲಾಸ್ಟಿಕ್ ಆಲ್ಬಮ್ ಬೇಡ, ಎರಡು ಮೂರು ಮಳೆಗಾಲದಲ್ಲಿ ತಾಮ್ರದ ನಾಣ್ಯಕ್ಕೆ ಹಸಿರು ಅಂಟು ಹಿಡೀತದೆ. ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ವರ್ಷಕ್ಕೊಮ್ಮೆ ಬದಲಿಸಿ.

ದುಬೈಗೆ ಕಳಿಸಬೇಡಿ. ನೂರು ವರ್ಷ ದಾಟಿದ ನಾಣ್ಯ 1972ರ ಪುರಾವಸ್ತು ಕಾನೂನಿನಲ್ಲಿ ಪುರಾವಸ್ತು, ಖಾಸಗಿಯವರು ದೇಶದಿಂದ ಹೊರಗೆ ಕಳಿಸುವ ಹಾಗಿಲ್ಲ. ನಿಮ್ಮ ಕಾಲಾಣೆಗೆ ಇಸವಿಯೇ ಇಲ್ಲ, ಕಸ್ಟಮ್ಸಿನವರು ಕೇಳಿದ್ರೆ ನೂರು ಆಗಿಲ್ಲ ಅಂತ ನೀವು ಹೇಗೆ ತೋರಿಸ್ತೀರಿ?

ಗೋವಾ ಅಂದ ಕೂಡಲೇ ಎಲ್ರೂ ಪೋರ್ಚುಗೀಸ್ ನಾಣ್ಯ ಕೇಳ್ತಾರೆ, ಅದಕ್ಕೆ ಇದನ್ನೂ ಬರೀತೇನೆ. 1881, 1882ರ ಲೂಯಿಸ್ ರಾಜನ ಬೆಳ್ಳಿ ರುಪಿಯಾ ಲಿಸ್ಬನ್ನಿನದ್ದು ಅಂತ ಇಲ್ಲಿ ಬೀಚ್ ಹತ್ರ ಹೇಳಿ ಮಾರ್ತಾರೆ. ಅದನ್ನ ಹೊಡೆದದ್ದು ಕಲ್ಕತ್ತಾದಲ್ಲಿ. 1878ರಲ್ಲಿ ಬ್ರಿಟಿಷರಿಗೂ ಪೋರ್ಚುಗೀಸರಿಗೂ ಒಪ್ಪಂದ ಆದ ಮೇಲೆ ತೂಕವನ್ನೂ ಬ್ರಿಟಿಷ್ ರೂಪಾಯಿಯಷ್ಟೇ ಇಟ್ಟರು, 11.66 ಗ್ರಾಂ. ಬೀಚಿನಲ್ಲಿ ಸಿಗುವುದು ಎರಕದ ನಕಲಿ, ಅಂಚಿನಲ್ಲಿ ಸುತ್ತ ಒಂದು ಹೊಲಿಗೆಯಂಥ ಗೆರೆ ಕಾಣ್ತದೆ, ಮೇಲ್ಮೈ ಇಡ್ಲಿಯ ಹಾಗೆ ಸಣ್ಣ ಸಣ್ಣ ತೂತು. ಏಟು ಬಿದ್ದ ಲೋಹ ಬಿಗಿಯಾಗಿರ್ತದೆ, ಎರಕದ್ದು ಹಾಗಿರೂದಿಲ್ಲ. ಒಮ್ಮೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ್ರೆ ಮತ್ತೆ ಜನ್ಮದಲ್ಲಿ ಮರೆಯೂದಿಲ್ಲ.

ಮಾಟುಂಗಾ ಗಲ್ಲಾ ಬರೆದದ್ದು:

ತಕ್ಕಡಿ ಬಂತು, ನಿನ್ನೆ ರಾತ್ರಿ ಊಟ ಆದ ಮೇಲೆ ನಾನು, ಅಮ್ಮ, ಮಗಳು ಮೂರೂ ಜನ ಕೂತು ನೋಡಿದೆವು. ಎರಡು ಗಂಟೆ ಆದದ್ದು ಗೊತ್ತಾಗ್ಲಿಲ್ಲ.

ಎರಡು ರೂಪಾಯಿ 4.71 ಗ್ರಾಂ. ಅಜ್ಜಾವ್ರು ಹೇಳಿದ ಹಾಗೇ ಆಸಿಡ್. ಅಗಲದ ಒಂದು ರೂಪಾಯಿ 4.84, ತೆನೆಯ ಚಿತ್ರ ಒಂದೇ ದಿಕ್ಕಿಗೆ ಎಳೆದ ಹಾಗೆ ಉದ್ದ ಆಗಿದೆ. ಅದನ್ನು ನೋಡಿದ ಕೂಡಲೇ ಅಮ್ಮ, ಅದು ನೀನೇ ಆರನೇ ಕ್ಲಾಸಿನಲ್ಲಿ ಹಳಿ ಮೇಲೆ ಇಟ್ಟದ್ದು, ಅಪ್ಪಯ್ಯನ ಹತ್ರ ಪೆಟ್ಟು ತಿಂದಿದ್ದಿ ಅಂದ್ರು. ನನಗೆ ನೆನಪಿಲ್ಲ. ಅದನ್ನೂ ಕಾಗದದಲ್ಲಿ ಮಡಚಿ ಇಟ್ಟಿದ್ದಾರೆ, ಮೇಲೆ ಏನೂ ಬರೆದಿಲ್ಲ, ಬರೀ ತಾರೀಖು.

ಐದು ರೂಪಾಯಿ ಸರೀ 4 ಗಂಟೆಗೆ ತಿರುಗಿದೆ. 9.02 ಗ್ರಾಂ. ಹತ್ತು ರೂಪಾಯಿಯಲ್ಲಿ ಬಿಳಿ ಹಳದಿ ಸೇರುವ ಜಾಗದಲ್ಲಿ ಮೊಬೈಲ್ ಕ್ಯಾಮೆರಾದ ಮುಂದೆ ಲೆನ್ಸ್ ಇಟ್ಟು ಫೋಟೋ ತೆಗೆದೆ, ಗೆರೆ ಎಲ್ಲಿಯೂ ಕಡಿದಿಲ್ಲ, ಒಂದೇ ಸಮ ದಾಟಿ ಹೋಗಿದೆ.

ಕಾಲಾಣೆಯ ಗುಳಿ ಕಡೆ ಮೂಲೆಮೂಲೆ ನೋಡಿದೆ. ಬೇರೆ ಅಕ್ಷರದ ನೆರಳು ಕಾಣ್ಲಿಲ್ಲ. ಕನ್ನಡಿ ಎದುರು ಹಿಡಿದ್ರೆ ಜಾರ್ಜ್ ಕಿಂಗ್ ಎಂಪರರ್ ಅಂತ ಪೂರ್ತಿ ಓದಲಿಕ್ಕೆ ಆಗ್ತದೆ, ಮಗಳೇ ಓದಿದ್ಳು. ಉಬ್ಬಿದ ಕಡೆ ಮೀಸೆಯ ಎಳೆ ಎಳೆ ಉಂಟು, ಚಪ್ಪಟೆ ಇಲ್ಲ. ಗುಳಿಯ ರಾಜ ಉಬ್ಬಿದ ರಾಜನಿಗಿಂತ ಒಂದು ಚೂರು ದೊಡ್ಡ ಕಾಣ್ತಾನೆ, ಕಿರೀಟದ ತುದಿ ಅಂಚಿಗೆ ತಾಗುವಷ್ಟು. ಇದು ನಕಲಿಯ ಲಕ್ಷಣವಾ?

ಫೋರ್ಟ್ ಅಜ್ಜ ಬರೆದದ್ದು:

ಉಲ್ಟಾ! ಅದು ಒಳ್ಳೇ ಲಕ್ಷಣ. ಅಂಟಿದ ನಾಣ್ಯ ಮೊದಲ ಏಟಲ್ಲಿ ಇದ್ದಷ್ಟೇ ಇರುತ್ತೆ, ಮತ್ತೆ ಮತ್ತೆ ಏಟು ತಿಂತಾ ಹರಡ್ತಾ ಹೋಗುತ್ತೆ, ಹರಡಿದಷ್ಟೂ ಅದು ಒತ್ತೋ ಗುಳಿ ದೊಡ್ಡದಾಗುತ್ತೆ, ಮಸುಕಾಗುತ್ತೆ. ಒಂದು ಚೂರು ಮಾತ್ರ ದೊಡ್ಡದಾಗಿ, ಅಕ್ಷರ ಎಲ್ಲ ಓದೋ ಹಾಗಿದೆ ಅಂದ್ರೆ ನಿಮ್ಮದು ಎರಡನೇ ಮೂರನೇ ಏಟಿಂದು ಇರ್ಬೇಕು. ವೈಸಲ್ಲಿ ಒತ್ತಿದ್ರೆ ಹೀಗೆ ಹಿಗ್ಗೋದಿಲ್ಲ. ಆದ್ರೂ ಕೈಯಲ್ಲಿ ಹಿಡಿದು, ಅಂಚಲ್ಲಿ ಎರಡು ತುಂಡು ಬೆಸೆದ ಗೆರೆ ಇದೆಯಾ ಅಂತ ನೋಡದೆ ನಾನು ಕೊನೇ ಮಾತು ಹೇಳೋಲ್ಲ. ಹತ್ತು ರೂಪಾಯಿ ಅಂತೂ ಅಸಲಿ ಎರರ್, ಚೀಟಿ ಬರೆದುಬಿಡಿ. ಐದೂ ಅಷ್ಟೇ.

ಬರೋ ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಫೋರ್ಟಲ್ಲಿ ಹಾರ್ನಿಮನ್ ಸರ್ಕಲ್ ತೋಟದ ಗೇಟ್ ಹತ್ರ ಬನ್ನಿ, ಮಗಳನ್ನೂ ಕರ್ಕೊಂಡು ಬನ್ನಿ. ಅಲ್ಲಿಂದ ನಾಲ್ಕು ಹೆಜ್ಜೆ ನಡೆದ್ರೆ ಮಿಂಟ್ ಕಟ್ಟಡ, 1829ರಲ್ಲಿ ಕಟ್ಟಿ ಮುಗಿಸಿದ್ದು, ಒಳಗೆ ಬಿಡೋಲ್ಲ ಆದ್ರೆ ಕಂಬ ನೋಡಬಹುದು, ನಿಮ್ಮ ಐದು ರೂಪಾಯಲ್ಲಿ ಡೈಮಂಡ್ ಇದ್ರೆ ಅದು ಓರೆ ಆಗಿದ್ದು ಆ ಗೋಡೆ ಆಚೆಗೇ. ಆಮೇಲೆ ರಿಸರ್ವ್ ಬ್ಯಾಂಕ್‌ನ ನಾಣ್ಯ ಮ್ಯೂಸಿಯಂಗೂ ಹೋಗೋಣ. ಡಬ್ಬಿ ಪೂರ್ತಿ ಟ್ರೇನಲ್ಲಿ ಹೊತ್ಕೊಂಡು ಬರಬೇಡಿ, ಕಾಲಾಣೆ ಒಂದೇ ತನ್ನಿ, ಹೋಲ್ಡರ್‌ಗೆ ಹಾಕಿ ಶರ್ಟಿನ ಒಳಜೇಬಲ್ಲಿ. ಮತ್ತೆ ಅದರ ಮೇಲೆ ತಂದೆಯವರು ಬರೆದ ಕಾಗದ ಇದೆಯಲ್ಲ, ಅದನ್ನೂ ತನ್ನಿ, ತಾರೀಖು ಇದ್ರೆ ಯಾವ ವರ್ಷ ಗಲ್ಲಾಕ್ಕೆ ಬಂತು ಅಂತ ನೋಡೋಣ.

ಮಾಟುಂಗಾ ಗಲ್ಲಾ ಬರೆದದ್ದು:

ಬರ್ತೇವೆ ಅಜ್ಜ. ಕಾಗದದಲ್ಲಿ ತಾರೀಖು ಉಂಟು, 12-3-1996. ಕೆಳಗೆ ಸಣ್ಣಕ್ಕೆ "ದೇವರ ಹುಂಡಿಗೆ ಹಾಕಬಾರದು, ಮಗನಿಗೆ ತೋರಿಸಬೇಕು" ಅಂತ ಬರೆದಿದ್ದಾರೆ. ಈಗಷ್ಟೇ ನೋಡಿದೆ.